ವಾತರ್ ಎಂದರೆ ನೀರು

ಹೋದ ವರುಷ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ವಾಚನಾಲಯದಲ್ಲಿ ಸಣ್ಣದೊಂದು ವಾಗ್ವಾದ ನಡೆಯಿತು. ಇತಿಹಾಸದ ಗ್ರಂಥವೊಂದನ್ನು ತಿರುವಿಹಾಕುತ್ತಿದ್ದ ಗೆಳೆಯನೊಬ್ಬನು ಇದ್ದಕ್ಕಿದ್ದಂತೆ ತಲೆಯೆತ್ತಿ, “ಕೇಳಿರಿ, ತುರ್ಕಿ ದೇಶದಲ್ಲಿ ಹಿಂದೆ ಹಿಟ್ಟೈಟರೆಂಬ ಜನರಿದ್ದರಂತೆ. ಹಿಟ್ಟು ತಿನ್ನುವವರು ಹಿಟ್ಟೈಟರು! ಕನ್ನಡ ಅಲ್ಲಿಯವರೆಗೆ ಹಬ್ಬಿತ್ತೆನ್ನಲು ಬೇರೆ ಸಾಕ್ಷಿ ಏತಕ್ಕೆ?” ಎಂದನು. ಎಲ್ಲರೂ ನಕ್ಕೆವು. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಒಬ್ಬನು ಕಾಳಗಿ ಎಂಬ ಹೆಸರು ‘ಕಾಳಗ’ದಿಂದ ಬಂದುದು, ಇಲ್ಲಿ ಯಾವುದೋ ದೊಡ್ಡ ಯುದ್ಧ ನಡೆದಿರಲೇಬೇಕು ಎಂದನು. ಇನ್ನೊಬ್ಬನು ಅದು ಕಾಳೇಶ್ವರನ ಹೆಸರೆಂದನು. ಮೂರನೆಯವನು ರೈತನ ಮಗ. ತೊಗರಿ, ಜೋಳ, ಕಡಲೆಗಳ ‘ಕಾಳೇ’ ಕಾಳಗಿಗೆ ಮೂಲವೆಂದು ಸಾಧಿಸಿದನು. ಅಷ್ಟರಲ್ಲಿ ಗಂಟೆ ಬಾರಿಸಿತು. ಗೆದ್ದವರು ಯಾರೆಂದು ತೀರ್ಮಾನವಾಗದೆಯೇ ನಾವು ತರಗತಿಗೆ ಹೋದೆವು.

ಆ ದಿನದ ನಗೆಯಲ್ಲಿ ನಾನೂ ಪಾಲುಗಾರನು. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತಾಗ ಒಂದು ಪ್ರಶ್ನೆ ಕಾಡತೊಡಗಿತು. ಒಂದು ಮಾತಿನ ಅರ್ಥ ಇದು, ಅದರ ಮೂಲ ಇದು ಎಂದು ಹೇಳುವ ಅಧಿಕಾರ ನಮಗೆ ಎಲ್ಲಿಂದ ಬರುತ್ತದೆ? ಕಿವಿಗೆ ಒಂದೇ ರೀತಿ ಕೇಳಿಸಿದರೆ ಸಾಕೆ? ಸಾಲದಿದ್ದರೆ ಇನ್ನೇನು ಬೇಕು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದಾಗ, ನನ್ನ ಗೆಳೆಯನು ತಮಾಷೆ ಮಾಡಿದ ಅದೇ ಹಿಟ್ಟೈಟರ ಭಾಷೆಯ ಒಂದು ಮಾತಿನ ಕಥೆ ನನಗೆ ದೊರೆಯಿತು. ಆ ಮಾತು ‘ವಾತರ್’. ಅದರ ಕಥೆಯನ್ನು ಮೊದಲು ಹೇಳಿ, ಅದು ಕಾಳಗಿಯ ವಿದ್ಯಾರ್ಥಿಗಳಾದ ನಮಗೆ ಏತಕ್ಕೆ ಬೇಕೆಂಬುದನ್ನು ಆಮೇಲೆ ಹೇಳುತ್ತೇನೆ.

ಇಂದಿನ ತುರ್ಕಿ ದೇಶದ ನಡುನಾಡಿಗೆ ಹಳೆಯ ಹೆಸರು ಅನಾತೋಲಿಯಾ. ಅಂಕಾರಾ ನಗರದ ಪೂರ್ವಕ್ಕೆ ಬೋಗಜ್‌ಕೋಯ್ ಎಂಬ ಹಳ್ಳಿಯಿದೆ. ೧೯೦೬ರಲ್ಲಿ ಹ್ಯೂಗೋ ವಿಂಕ್ಲರ್ ಎಂಬ ಜರ್ಮನ್ ವಿದ್ವಾಂಸನೂ ಥಿಯೋಡೋರ್ ಮಕ್ರಿದಿ ಎಂಬವನೂ ಅಲ್ಲಿ ಉತ್ಖನನವನ್ನು ಆರಂಭಿಸಿದರು. ನೆಲದೊಳಗಿನಿಂದ ಸಾವಿರಾರು ಮಣ್ಣಿನ ಹಲಗೆಗಳು ಹೊರಬಂದವು. ಅದು ಹಿಟ್ಟೈಟರ ರಾಜಧಾನಿಯಾದ ಹತ್ತುಶ. ಕ್ರಿ. ಪೂ. ೧೨ನೆಯ ಶತಮಾನದ ಆರಂಭದಲ್ಲಿ ಅವರ ರಾಜ್ಯ ಅಳಿದುಹೋಗಿ, ಅವರ ಭಾಷೆಯನ್ನು ಆಡುವವರು ಇಲ್ಲವಾಗಿ, ಮೂರು ಸಾವಿರ ವರುಷಗಳೇ ಕಳೆದಿದ್ದವು.

ಹಲಗೆಗಳ ಮೇಲಿನ ಲಿಪಿ ಹೊಸದಾಗಿರಲಿಲ್ಲ. ಅದು ಬ್ಯಾಬಿಲೋನಿಯದವರಿಂದ ಎರವಲು ತಂದ ಮೊಳೆಯಾಕಾರದ ಲಿಪಿ. ವಿದ್ವಾಂಸರು ಅದನ್ನು ಆ ವೇಳೆಗೆ ಓದಬಲ್ಲವರಾಗಿದ್ದರು. ಆದುದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಯಿತು. ಅಕ್ಷರಗಳನ್ನು ಗಟ್ಟಿಯಾಗಿ ಓದಬಹುದು, ಆದರೆ ಓದಿದ್ದು ಏನೆಂದು ತಿಳಿಯದು. ನಾವು ಹಂಗೇರಿಯ ಪತ್ರಿಕೆಯೊಂದನ್ನು ಇಂಗ್ಲಿಷ್ ಅಕ್ಷರಗಳ ಬಲದಿಂದ ಓದಿದ ಹಾಗೆ! ನಾರ್ವೆ ದೇಶದ ಕ್ನುಟ್ಸನ್ ಎಂಬ ಪಂಡಿತನು ಈ ಭಾಷೆ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಬಳಗಕ್ಕೆ ಸೇರಿದ್ದಿರಬೇಕೆಂದು ೧೯೦೨ರಲ್ಲಿಯೇ ಸೂಚಿಸಿದ್ದನು. ಅವನನ್ನು ಬಹುಮಂದಿ ನಂಬಲಿಲ್ಲ.

ಒಗಟನ್ನು ಬಿಡಿಸಿದವನು ಬೆಡ್ರಿಖ್ ಹ್ರೋಜ್ನಿ ಎಂಬ ಚೆಕ್ ವಿದ್ವಾಂಸ. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ ೧೯೧೫ರಲ್ಲಿ ಅವನು ತನ್ನ ನಿರ್ಣಯವನ್ನು ಲೋಕಕ್ಕೆ ತಿಳಿಸಿದನು. ೧೯೧೭ರಲ್ಲಿ ಪುಸ್ತಕವಾಗಿ ವಿವರಿಸಿದನು. ಅವನ ಕೈಗೆ ಸಿಕ್ಕ ಎಳೆ ಒಂದೇ ಒಂದು ವಾಕ್ಯದಲ್ಲಿತ್ತು. ಆ ವಾಕ್ಯದಲ್ಲಿ ರೊಟ್ಟಿಯ ಗುರುತೊಂದು ಇತ್ತು. ಅದು ಸುಮೇರಿಯನ್ನರ ಕಾಲದಿಂದ ಬಂದ ಚಿಹ್ನೆ. ಅದನ್ನು ಬರೆದವನ ಭಾಷೆ ಯಾವುದೇ ಇರಲಿ, ಅದರ ಅರ್ಥ ಮಾತ್ರ ಒಂದೇ. ನಮ್ಮ ಸಂತೆಯಲ್ಲಿ ಚೀಟಿಯ ಮೇಲೆ ಐದರ ಅಂಕಿಯನ್ನು ಬರೆದರೆ ಕನ್ನಡದವನು ಐದು ಎಂದೂ, ಉರ್ದು ಆಡುವವನು ಪಾಂಚ್ ಎಂದೂ ಓದುತ್ತಾನೆ. ಕೊಡಬೇಕಾದ ಹಣದಲ್ಲಿ ವ್ಯತ್ಯಾಸವಿಲ್ಲ. ರೊಟ್ಟಿಯ ಗುರುತೂ ಹಾಗೆಯೇ.

ಹ್ರೋಜ್ನಿ ಹೀಗೆ ಯೋಚಿಸಿದನು. ರೊಟ್ಟಿಯ ಮಾತು ಬಂದ ಕಡೆ ತಿನ್ನುವ ಮಾತು ಬಂದೀತು. ರೊಟ್ಟಿಯ ಮುಂದಿರುವ ಕ್ರಿಯಾಪದ ‘ಎಜ್ಜತ್ತೆನಿ’. ತಿನ್ನು ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ‘ಎದ್’, ಜರ್ಮನಿನಲ್ಲಿ ‘ಎಸ್ಸೆನ್’, ಸಂಸ್ಕೃತದಲ್ಲಿ ‘ಅದ್’ ಎಂಬ ಧಾತುಗಳುಂಟು. ನಮ್ಮ ‘ಅನ್ನ’ ಶಬ್ದ ಆ ‘ಅದ್’ ಧಾತುವಿನಿಂದಲೇ ಹುಟ್ಟಿದ್ದು. ವಾಕ್ಯದ ಎರಡನೆಯ ಅರ್ಧವು ಮೊದಲನೆಯ ಅರ್ಧದ ಜೋಡಿಯಂತಿತ್ತು. ಅಲ್ಲಿ ರೊಟ್ಟಿಯ ಜಾಗದಲ್ಲಿ ‘ವಾತರ್’ ಎಂಬ ಮಾತಿತ್ತು, ತಿನ್ನುವುದರ ಜಾಗದಲ್ಲಿ ಬೇರೊಂದು ಕ್ರಿಯಾಪದವಿತ್ತು. ರೊಟ್ಟಿಯನ್ನು ತಿಂದವರು ಮುಂದೆ ಮಾಡುವುದೇನು? ವಾತರ್ ಎಂದರೆ ನೀರು. ಆ ಕ್ರಿಯಾಪದ ಎಂದರೆ ಕುಡಿಯುವುದು. ನೀವು ರೊಟ್ಟಿಯನ್ನು ತಿನ್ನುವಿರಿ, ನೀರನ್ನು ಕುಡಿಯುವಿರಿ ಎಂಬುದೇ ಆ ವಾಕ್ಯದ ತಾತ್ಪರ್ಯ.

ಇದನ್ನು ಓದಿದಾಗ ನನಗೆ ನಗೆಯೂ ಬಂದಿತು, ಒಂದು ಬಗೆಯ ಅಕ್ಕರೆಯೂ ಉಂಟಾಯಿತು. “ರೊಟ್ಟಿ ತಿಂದು ನೀರು ಕುಡಿದು ಹೋಗು” ಎಂಬ ಮಾತನ್ನು ಕೇಳದೆ ನಮ್ಮ ಕಡೆಯ ಯಾವ ಮನೆಯಿಂದ ತಾನೆ ಹೊರಬೀಳಲು ಸಾಧ್ಯ? ಮಹಾಪಂಡಿತರನ್ನು ಕಂಗೆಡಿಸಿದ ಭಾಷೆಯ ಬಾಗಿಲು ತೆರೆದದ್ದು ರಾಜರ ವಂಶಾವಳಿಯಿಂದಲ್ಲ, ಯುದ್ಧದ ವರ್ಣನೆಯಿಂದಲ್ಲ, ನಮ್ಮ ತಾಯಂದಿರು ದಿನವೂ ಆಡುವಂತಹ ಒಂದು ಮಾತಿನಿಂದ.

ಇಲ್ಲಿ ಒಂದು ಅಂಶವನ್ನು ಚೆನ್ನಾಗಿ ಗಮನಿಸಬೇಕು. ವಾತರ್ ಎಂಬುದು ಇಂಗ್ಲಿಷಿನ ‘ವಾಟರ್’ನಂತೆ ಕೇಳಿಸುತ್ತದೆ ನಿಜ. ಆದರೆ ಆ ಹೋಲಿಕೆಯೊಂದರಿಂದಲೇ ಹ್ರೋಜ್ನಿ ಗೆದ್ದನೆಂದು ತಿಳಿದರೆ ತಪ್ಪಾದೀತು. ಪಕ್ಕದಲ್ಲಿ ರೊಟ್ಟಿ ಇಲ್ಲದಿದ್ದರೆ ವಾತರ್ ಎಂಬುದು ಕತ್ತಿಯೂ ಆಗಬಹುದಿತ್ತು, ಕತ್ತೆಯೂ ಆಗಬಹುದಿತ್ತು. ಅರ್ಥವನ್ನು ಹೇಳಿದ್ದು ಮಾತಿನ ನೆರೆಹೊರೆ. ಹೋಲಿಕೆ ಬಂದು ಅದಕ್ಕೆ ಕೈಗೂಡಿಸಿತು.

ಅರ್ಥದ ಮಾತು ಹೀಗಾಯಿತು. ಮೂಲದ ಮಾತೇನು? ಇಂಗ್ಲಿಷಿನ ವಾಟರ್, ರಷ್ಯನ್ನಿನ ವದಾ, ಗ್ರೀಕಿನ ಹುದೋರ್, ಸಂಸ್ಕೃತದ ಉದನ್ ಮತ್ತು ಉದಕ ಇವೆಲ್ಲ ಒಂದೇ ಬೇರಿನ ಚಿಗುರುಗಳೆಂದು ಭಾಷಾಶಾಸ್ತ್ರಜ್ಞರು ಮೊದಲೇ ಹೇಳಿದ್ದರು. ಆದರೆ ಒಂದು ತೊಡಕಿತ್ತು. ಇಂಗ್ಲಿಷಿನ ಮಾತು ರಕಾರದಲ್ಲಿ ಮುಗಿಯುತ್ತದೆ. ಸ್ವೀಡನ್ನಿನವರ ‘ವಾತೆನ್’, ಸಂಸ್ಕೃತದ ‘ಉದನ್’ ನಕಾರದಲ್ಲಿ ಮುಗಿಯುತ್ತವೆ. ಒಡಹುಟ್ಟಿದ ಮಾತುಗಳಲ್ಲಿ ಈ ಭೇದವೇಕೆ? ಹಿಟ್ಟೈಟ್ ಭಾಷೆ ಅದಕ್ಕೆ ಉತ್ತರ ಕೊಟ್ಟಿತು. ಅದರಲ್ಲಿ ನೀರು ಎನ್ನಲು ‘ವಾತರ್’. ನೀರಿನ ಎನ್ನಲು ‘ವೆತೆನಸ್’. ಒಂದೇ ಶಬ್ದದಲ್ಲಿ ಒಮ್ಮೆ ರಕಾರ, ಒಮ್ಮೆ ನಕಾರ! ಒಬ್ಬ ಮಗಳು ತಾಯಿಯ ಬಳೆಯನ್ನೂ ಇನ್ನೊಬ್ಬಳು ತಾಯಿಯ ಸರವನ್ನೂ ಉಳಿಸಿಕೊಂಡಿದ್ದರೆ, ಹಿಟ್ಟೈಟ್ ಎರಡನ್ನೂ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡಿತ್ತು.

ಇದು ದೂರದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ‘ಅಹರ್ನಿಶಿ’ ಎಂಬ ಮಾತನ್ನೂ ‘ಮಧ್ಯಾಹ್ನ’ ಎಂಬ ಮಾತನ್ನೂ ನಾವೆಲ್ಲ ಬಲ್ಲೆವು. ಎರಡರಲ್ಲಿಯೂ ಇರುವುದು ಹಗಲು ಎಂಬ ಅರ್ಥದ ಒಂದೇ ಸಂಸ್ಕೃತ ಶಬ್ದ; ಒಂದರಲ್ಲಿ ‘ಅಹರ್’ ಎಂದು ರಕಾರ, ಇನ್ನೊಂದರಲ್ಲಿ ‘ಅಹ್ನ’ ಎಂದು ನಕಾರ. ವಾತರ್ ಮತ್ತು ವೆತೆನಸ್‌ಗಳ ವಿಚಿತ್ರ ನಡವಳಿಕೆ ನಮ್ಮ ಬಾಯಲ್ಲಿಯೇ ದಿನವೂ ಆಡುತ್ತಿದೆ. ಇಂತಹ ಗುಟ್ಟಿನ ನಡವಳಿಕೆ ಎರಡು ಭಾಷೆಗಳಲ್ಲಿ ಸುಮ್ಮನೆ ಒದಗಿಬರುವುದು ಅಸಂಭವ. ಮುಖದ ಹೋಲಿಕೆ ಸಂತೆಯಲ್ಲಿ ಯಾರಿಗೂ ಯಾರಿಗೂ ಇರಬಹುದು. ಮನೆತನದ ಗುಟ್ಟು ಇಬ್ಬರಿಗೂ ತಿಳಿದಿದ್ದರೆ ಮಾತ್ರ ಅವರು ನೆಂಟರೆಂದು ನಂಬಬಹುದು.

ಈಗ ನನ್ನ ಗೆಳೆಯನ ಹಿಟ್ಟಿನ ಕಡೆಗೆ ಬರೋಣ. ಹಿಟ್ಟೈಟರು ತಮ್ಮ ಭಾಷೆಗೆ ಆ ಹೆಸರನ್ನು ಇಟ್ಟವರೇ ಅಲ್ಲ. ಅವರು ನೇಶ ಎಂಬ ಊರಿನ ಹೆಸರಿನಿಂದ ಅದನ್ನು ‘ನೆಶಿಲಿ’ ಎನ್ನುತ್ತಿದ್ದರು. ಅವರ ನಾಡು ಹತ್ತಿ. ಆ ಹೆಸರು ಹೀಬ್ರೂ ಧರ್ಮಗ್ರಂಥದ ದಾರಿಯಿಂದ ಇಂಗ್ಲಿಷಿಗೆ ಬಂದು ‘ಹಿಟ್ಟೈಟ್’ ಆಯಿತು. ಇತ್ತ ನಮ್ಮ ಹಿಟ್ಟಿನ ಕಥೆಯೂ ಬೇರೆ. ಹಳಗನ್ನಡದಲ್ಲಿ ಅದು ‘ಪಿಟ್ಟು’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪಳ್ಳಿ ಹಳ್ಳಿಯಾದಂತೆ, ಪಿಟ್ಟು ಹಿಟ್ಟಾಯಿತು. ಈ ಮಾರ್ಪಾಡು ನಡೆದುದು ಸುಮಾರು ಸಾವಿರ ವರುಷಗಳಿಂದ ಈಚೆಗೆ. ಹತ್ತುಶ ಹಾಳಾದುದು ಮೂರು ಸಾವಿರ ವರುಷಗಳಿಗೂ ಹಿಂದೆ. ಹಿಟ್ಟೈಟರು ಇದ್ದಾಗ ಹಿಟ್ಟು ಎಂಬ ರೂಪವೇ ಇರಲಿಲ್ಲ. ಹಿಟ್ಟು ಬಂದಾಗ ಹಿಟ್ಟೈಟರು ಇರಲಿಲ್ಲ. ಅಲ್ಲಿಗೆ ಆ ವಾದದ ರೊಟ್ಟಿ ಸುಟ್ಟುಹೋಯಿತು!

ಹಾಗಾದರೆ ಮಾತುಗಳ ಹೋಲಿಕೆಯನ್ನು ಕಂಡಾಗ ನಾವು ಮೂರು ಬಗೆಗಳನ್ನು ಬೇರ್ಪಡಿಸಬೇಕೆಂದು ತೋರುತ್ತದೆ. ಮೊದಲನೆಯದು ಹುಟ್ಟಿನ ನಂಟು. ಎರಡನೆಯದು ಕೊಟ್ಟು ತಂದ ನಂಟು. ಮೂರನೆಯದು ಬರಿಯ ಆಕಸ್ಮಿಕ. ವಾತರ್ ಮತ್ತು ಉದಕ ಹುಟ್ಟಿನ ನಂಟರು. ಹಿಟ್ಟು ಮತ್ತು ಹಿಟ್ಟೈಟ್ ಆಕಸ್ಮಿಕ. ಎರಡನೆಯ ಬಗೆಗೂ ಅದೇ ಬೋಗಜ್‌ಕೋಯ್‌ನಲ್ಲಿ ಒಂದು ಸೊಗಸಾದ ಉದಾಹರಣೆ ಸಿಕ್ಕಿದೆ. ಕಿಕ್ಕುಲಿ ಎಂಬ ಕುದುರೆ ಪಳಗಿಸುವವನ ಹೆಸರಿನಲ್ಲಿ ಒಂದು ಗ್ರಂಥ ದೊರೆತಿದೆ. ಅದರಲ್ಲಿ ಕುದುರೆಯನ್ನು ಎಷ್ಟು ಸುತ್ತು ಓಡಿಸಬೇಕೆಂದು ಹೇಳುವಾಗ ಅಯ್ಕ, ತೇರ, ಪಂಜ, ಸತ್ತ ಎಂಬ ಎಣಿಕೆಗಳೂ ‘ವರ್ತನ್ನ’ ಎಂಬ ಮಾತೂ ಬರುತ್ತವೆ. ಏಕ, ತ್ರಿ, ಪಂಚ, ಸಪ್ತ, ವರ್ತನ ಎಂದು ನಮಗೆ ಥಟ್ಟನೆ ತಿಳಿಯುತ್ತದೆ. ಆದರೆ ಇವು ಹಿಟ್ಟೈಟರ ಮನೆಯ ಮಾತುಗಳಲ್ಲ. ಕುದುರೆಯ ವಿದ್ಯೆಯೊಡನೆ ಮಿತನ್ನಿ ನಾಡಿನ ಕಡೆಯಿಂದ ಬಂದ ಅತಿಥಿಗಳು.

ನಮ್ಮ ಕಡೆಯೂ ಈ ಮೂರನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಸೇಡಂ ಸಂತೆಯಲ್ಲಿ ಬಾಯಾರಿದವನು ನೀರು ಕೇಳುವುದನ್ನು ಗಮನಿಸಿರಿ. ಕನ್ನಡದವನು ‘ನೀರು’ ಎನ್ನುತ್ತಾನೆ, ತೆಲುಗಿನವನು ‘ನೀಳ್ಳು’ ಎನ್ನುತ್ತಾನೆ. ತಮಿಳಿನ ‘ನೀರ್’ ಸಹ ಇದೇ ಮನೆಯದು. ಇದು ದ್ರಾವಿಡ ಭಾಷೆಗಳ ಹುಟ್ಟಿನ ನಂಟು. ಸಂಸ್ಕೃತದ ‘ನೀರ’ ಶಬ್ದವೂ ದ್ರಾವಿಡದಿಂದ ಹೋದುದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಉರ್ದು ಆಡುವವನ ‘ಪಾನಿ’ ಸಂಸ್ಕೃತದ ‘ಪಾನೀಯ’ದಿಂದ ಇಳಿದುಬಂದುದು. ಪಾರಸಿಯಲ್ಲಿ ನೀರಿಗೆ ‘ಆಬ್’. ನಮ್ಮ ‘ಅಬಕಾರಿ’ ಇಲಾಖೆಯ ಹೆಸರಿನ ತಲೆಯಲ್ಲಿ ಕುಳಿತಿರುವುದು ಆ ನೀರೇ! ಇನ್ನು ಶರಣರ ನಾಡಾದ ಇಲ್ಲಿ ‘ಪಾದೋದಕ’ ಎಂಬುದನ್ನು ಅರಿಯದ ಮುದುಕಿ ಇಲ್ಲ. ಅದರಲ್ಲಿನ ‘ಉದಕ’ ಹಿಟ್ಟೈಟರ ವಾತರಿಗೆ ದಾಯಾದಿ. ‘ಪಾದ’ ಎಂಬುದಕ್ಕೂ ಹಿಟ್ಟೈಟಿನಲ್ಲಿ ‘ಪಾತ’ ಎಂಬ ನೆಂಟನಿದ್ದಾನೆ. ಅಕ್ಷರ ಬಾರದ ನಮ್ಮ ಹಳ್ಳಿಯ ಹೆಂಗಸು ಆಡುವ ಒಂದೇ ಮಾತಿನ ಎರಡೂ ತುಂಡುಗಳಿಗೆ ಅನಾತೋಲಿಯದ ಮಣ್ಣಿನ ಹಲಗೆಯಲ್ಲಿ ಬಂಧುಗಳಿದ್ದಾರೆಂದರೆ ಆಶ್ಚರ್ಯವಲ್ಲವೆ? ಇಂತಹ ನಿಜವಾದ ಆಶ್ಚರ್ಯಗಳು ಇರುವಾಗ ಹುಸಿ ಆಶ್ಚರ್ಯಗಳಿಗೆ ನಾವು ಏಕೆ ಬೆರಗಾಗಬೇಕು?

ಹ್ರೋಜ್ನಿಯ ಬಾಳಿನಲ್ಲಿಯೇ ಒಂದು ಪಾಠವುಂಟು. ಹಿಟ್ಟೈಟನ್ನು ಓದಿ ಜಗದ್ವಿಖ್ಯಾತನಾದ ಅವನು ಮುಂದೆ ನಮ್ಮ ಸಿಂಧೂ ಕಣಿವೆಯ ಮುದ್ರೆಗಳನ್ನೂ ಓದಲು ಹೊರಟನು. ಬುದ್ಧಿ ಅದೇ, ವಿದ್ವತ್ತು ಅದಕ್ಕಿಂತ ಹೆಚ್ಚು. ಆದರೆ ಅಲ್ಲಿ ರೊಟ್ಟಿಯ ಗುರುತು ಇರಲಿಲ್ಲ; ತಿಳಿದುದರ ಪಕ್ಕದಲ್ಲಿ ತಿಳಿಯದುದು ಕುಳಿತಿರಲಿಲ್ಲ. ಅವನ ಓದನ್ನು ವಿದ್ವಾಂಸರು ಒಪ್ಪಲಿಲ್ಲ. ಸಾಕ್ಷಿಯಿಲ್ಲದ ಕಡೆ ಮಹಾಪಂಡಿತನ ಊಹೆಯೂ ಊಹೆಯೇ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಒರೆಗಲ್ಲನ್ನು ಹಿಡಿದುಕೊಂಡು ನಮ್ಮ ನೆಲದ ಕಲ್ಲುಗಳನ್ನು ನೋಡೋಣ. ಚಿತ್ತಾಪುರ ತಾಲೂಕಿನ ಸನ್ನತಿ ನಮಗೆ ಹತ್ತಿರದ ಕ್ಷೇತ್ರ. ೧೯೮೬ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಕಾ ಗುಡಿಯ ಮಾಡು ಕುಸಿದ ಬಳಿಕ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದಿತು. ಅದರ ಮಗ್ಗುಲಿನ ಕನಗನಹಳ್ಳಿಯಲ್ಲಿ ೧೯೯೪ರಿಂದ ನಡೆದ ಉತ್ಖನನದಲ್ಲಿ ಬೌದ್ಧಸ್ತೂಪವೊಂದು ಹೊರಬಿದ್ದಿತು. ಅಲ್ಲಿನ ಒಂದು ಶಿಲ್ಪದಲ್ಲಿ ಪರಿವಾರದೊಡನೆ ನಿಂತ ರಾಜನೊಬ್ಬನಿದ್ದಾನೆ. ಜೊತೆಗೆ ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಕೊರೆದಿದೆ. ಬರಹವಿಲ್ಲದಿದ್ದರೆ ಆ ರಾಜನು ಯಾರಾದರೂ ಆಗಬಹುದಿತ್ತು. ಚಿತ್ರದ ಪಕ್ಕದಲ್ಲಿ ಹೆಸರು ಇದ್ದುದರಿಂದ ಅವನು ಅಶೋಕನೆಂದು ಜಗತ್ತೇ ಒಪ್ಪಿತು. ರೊಟ್ಟಿಯ ಪಕ್ಕದಲ್ಲಿ ನೀರು ಇದ್ದ ಹಾಗೆ!

ಅದೇ ಅಶೋಕನ ಇನ್ನೊಂದು ಶಾಸನ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಪತ್ತೆ ಮಾಡಿದರು. ಅದರಲ್ಲಿ ‘ಇಸಿಲ’ ಎಂಬ ಊರಿನ ಅಧಿಕಾರಿಗಳ ಪ್ರಸ್ತಾಪವುಂಟು. ಹಿರಿಯ ವಿದ್ವಾಂಸರಾದ ಡಿ. ಎಲ್. ನರಸಿಂಹಾಚಾರ್ಯರು ಇಸಿಲ ಎಂಬುದು ಕನ್ನಡದ ಮಾತೆಂದು ವಾದಿಸಿದರು; ಬಾಣವನ್ನು ಬಿಡುವುದೆಂಬ ಅರ್ಥದ ‘ಇಸು’ ಧಾತುವಿನೊಡನೆ ಅದನ್ನು ಸೇರಿಸಿದರು. ಈ ವಾದ ಸತ್ಯವಾಗಲೆಂದು ಹಾರೈಸದ ಕನ್ನಡಿಗನಿಲ್ಲ, ನಾನೂ ಹಾರೈಸುತ್ತೇನೆ. ಆದರೆ ವಾಕ್ಯವು ಇಸಿಲ ಎಂಬುದು ಒಂದು ಸ್ಥಳವೆಂದು ತಿಳಿಸುತ್ತದೆಯೇ ಹೊರತು ಆ ಮಾತಿನ ಅರ್ಥವನ್ನು ತಿಳಿಸುವುದಿಲ್ಲ. ಪಕ್ಕದಲ್ಲಿ ರೊಟ್ಟಿಯಿಲ್ಲ. ಆದುದರಿಂದ ಅದನ್ನು ಗೌರವಾರ್ಹವಾದ ಊಹೆಯೆಂದು ಹೇಳಬೇಕು; ಭಾಷಣಗಳಲ್ಲಿ ಸಿದ್ಧಾಂತವೆಂದು ಸಾರಬಾರದು.

ಇದಕ್ಕೆ ಪ್ರತಿಯಾಗಿ ಮಳಖೇಡವನ್ನು ನೋಡಿರಿ. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಈ ಊರು ರಾಷ್ಟ್ರಕೂಟರ ಮಾನ್ಯಖೇಟವೆಂದು ಯಾರೂ ಸಂಶಯಪಡುವುದಿಲ್ಲ. ಬರಿಯ ಹೋಲಿಕೆಯಿಂದ ಈ ನಿಶ್ಚಯ ಬಂದುದಲ್ಲ. ಸಂಸ್ಕೃತದಲ್ಲಿ ಮಾನ್ಯಖೇಟ, ಪ್ರಾಕೃತದಲ್ಲಿ ಮಣ್ಣಖೇಡ, ಅರಬ್ಬೀ ಲೇಖಕರಲ್ಲಿ ಮಾನಕೀರ್, ಇಂದಿನ ಬಾಯಲ್ಲಿ ಮಳಖೇಡ ಎಂದು ಸಾಕ್ಷಿಗಳ ಸಾಲೇ ನಿಂತಿದೆ. ಮೇಲಾಗಿ ಕೋಟೆಯುಂಟು, ಇತಿಹಾಸವುಂಟು. ಒಂದು ಹೆಸರಿನ ಹುಟ್ಟನ್ನು ಹೇಳುವುದೆಂದರೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಇಳಿಯುವುದು. ಒಂದೇ ನೆಗೆತಕ್ಕೆ ಬಾವಿಯ ತಳಕ್ಕೆ ಹಾರುವುದಲ್ಲ. ಕಾಳಗಿಯ ಹೆಸರಿನ ಬಗ್ಗೆ ವಾದ ಮಾಡಿದ ನಾವು ಮೂವರೂ ನಾಲ್ವರೂ ಮೊದಲು ಮಾಡಬೇಕಾಗಿದ್ದುದು ಊರ ಗುಡಿಗಳ ಶಾಸನಗಳಲ್ಲಿ ಆ ಹೆಸರಿನ ಹಳೆಯ ರೂಪವೇನೆಂದು ನೋಡುವುದು. ಯಾರೂ ಎದ್ದು ಹೋಗಿ ನೋಡಲಿಲ್ಲ. ಜಗಳವಾಡುವುದು ಸುಲಭವಾಗಿತ್ತು.

ಇಷ್ಟು ಹೇಳಿ ನಿಲ್ಲಿಸಬಹುದಾಗಿತ್ತು. ಆದರೆ ನನ್ನ ಸ್ವಂತದ ಒಂದು ತಪ್ಪನ್ನು ಹೇಳದೆ ಈ ಲೇಖನ ಪೂರ್ಣವಾಗದು.

ನಾನು ಮೊದಲ ವರುಷದಲ್ಲಿದ್ದಾಗ ಚರ್ಚಾಸ್ಪರ್ಧೆಗೆಂದು ಒಂದು ದೊಡ್ಡ ಊರಿಗೆ ಹೋಗಿದ್ದೆ. ಅಲ್ಲಿ ಜೊತೆಯವರನ್ನು ಸಹಜವಾಗಿ “ಉಂಡಿರೇನು?” ಎಂದು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆ ಎರಡು ದಿನ ನನ್ನ ಪ್ರತಿಯೊಂದು ಮಾತಿಗೂ ನಗೆ ಕಾದಿತ್ತು. ನನಗೆ ಬಹಳ ನಾಚಿಕೆಯಾಯಿತು. ‘ಊಟ’ ಎಂಬ ಅವರ ನಾಗರಿಕ ಮಾತು ನನ್ನ ‘ಉಣ್’ ಧಾತುವಿನ ಮಗುವೆಂದು ಅಂದು ನನಗೆ ತಿಳಿದಿದ್ದರೆ ನಾನೂ ನಗುತ್ತಿದ್ದೆನೇನೋ. ತಿಳಿದಿರಲಿಲ್ಲ. ಊರಿಗೆ ಬಂದವನು ಆ ನಾಚಿಕೆಯನ್ನು ನನ್ನ ಅಜ್ಜಿಯ ಮೇಲೆ ತೀರಿಸಿಕೊಂಡೆ. ಅವಳು ಆಡಿದ ಮಾತನ್ನೆಲ್ಲ ತಿದ್ದತೊಡಗಿದೆ. “ಹಾಗೆನ್ನಬಾರದು, ಹೀಗೆನ್ನಬೇಕು” ಎಂದು ದಿನವೂ ಪಾಠ ಹೇಳಿದೆ. ಪಾಪ, ಅವಳು ಸಿಟ್ಟಾಗಲಿಲ್ಲ. ಮೊಮ್ಮಗನು ಕಾಲೇಜು ಕಲಿಯುತ್ತಾನೆ, ಅವನು ಹೇಳಿದ್ದೇ ಸರಿ ಎಂದುಕೊಂಡಳು. ನನ್ನ ಎದುರಿಗೆ ಕಡಿಮೆ ಮಾತನಾಡತೊಡಗಿದಳು.

ಅವಳಿಗೆ ನೀರೆಲ್ಲ ಒಂದೇ ನೀರಾಗಿರಲಿಲ್ಲ. ಕುಡಿಯುವುದು ಸೀನೀರು, ಬಟ್ಟೆಗೂ ಆಗದುದು ಸವಳು ನೀರು. ಬೇಸಗೆಯಲ್ಲಿ ಬತ್ತಿದ ಬಾವಿಗೆ ಮೊದಲ ಮಳೆಗಳಾದ ಮೇಲೆ ಬಂದು ನಿಲ್ಲುವ ಕದಡಿದ ನೀರಿಗೆ ಅವಳು ಬೇರೆಯದೇ ಒಂದು ಮಾತನ್ನು ಆಡುತ್ತಿದ್ದಳು. ಅದು ಬಂದರೆ ಬಿತ್ತನೆ ಹತ್ತಿರವಾಯಿತು, ಕೂರಿಗೆಯನ್ನು ಅಟ್ಟದಿಂದ ಇಳಿಸಿರಿ ಎನ್ನುತ್ತಿದ್ದಳು. ಆ ಮಾತನ್ನೂ ನಾನು ತಿದ್ದಿದೆ. “ಕೊಳಕು ನೀರು ಎನ್ನು” ಎಂದೆ. ವಾತರಿನ ಕಥೆಯನ್ನು ಓದಿದ ರಾತ್ರಿ ಆ ಮಾತು ನೆನಪಿಗೆ ಬಂದು, ಅದು ಏನೆಂದು ಕೇಳಬೇಕೆಂದು ಮನಸ್ಸು ಚಡಪಡಿಸಿತು. ಆದರೆ ಅಜ್ಜಿ ತೀರಿಕೊಂಡು ಎಂಟು ತಿಂಗಳಾಗಿತ್ತು. ತಂದೆಯವರನ್ನು ಕೇಳಿದೆ, ಅವರಿಗೆ ನೆನಪಿರಲಿಲ್ಲ. ನೆರೆಯವರನ್ನು ಕೇಳಿದೆ, ಈಗ ಕೊಳವೆಬಾವಿ, ನಳದ ನೀರು ಇರುವಾಗ ಹಳೆಯ ಬಾವಿಯ ಸುದ್ದಿ ಏಕೆಂದರು. ಮಾತಿನ ಅರ್ಥ ನನ್ನಲ್ಲಿದೆ, ಅದರ ಸುತ್ತಣ ಸಂಗತಿಯೆಲ್ಲ ಇದೆ, ಮಾತೇ ಇಲ್ಲ. ಹ್ರೋಜ್ನಿಗೆ ಮಾತು ಸಿಕ್ಕಿ ಅರ್ಥ ಬೇಕಾಗಿತ್ತು. ನನಗೆ ರೊಟ್ಟಿ ಸಿಕ್ಕಿದೆ, ನೀರು ಹೋಗಿದೆ.

ಮಿತ್ರರೆ, ಮೂರು ಸಾವಿರ ವರುಷಗಳ ಹಿಂದೆ ಸತ್ತ ಹಿಟ್ಟೈಟ್ ಭಾಷೆಗಾಗಿ ಅಮೆರಿಕದ ಚಿಕಾಗೋ ನಗರದಲ್ಲಿ ೧೯೭೫ರಲ್ಲಿ ಒಂದು ನಿಘಂಟಿನ ಕಾರ್ಯ ಆರಂಭವಾಯಿತು. ಆಡುವವನು ಒಬ್ಬನೂ ಇಲ್ಲದ ಭಾಷೆಯ ಪ್ರತಿಯೊಂದು ಮಾತನ್ನೂ ಅದು ಬರುವ ವಾಕ್ಯಗಳೊಡನೆ ಆಯ್ದು ಇಡುವ ಕಾರ್ಯವದು. ನಮ್ಮ ಭಾಷೆಗೂ ಪುಣ್ಯವಂತರು ದುಡಿದಿದ್ದಾರೆ. ಕಿಟ್ಟೆಲರ ಕೋಶ ೧೮೯೪ರಲ್ಲಿ ಹೊರಬಂದಿತು; ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ ೧೯೭೦ರಲ್ಲಿ, ಎಂಟನೆಯದು ೧೯೯೫ರಲ್ಲಿ ಮುಗಿಯಿತು. ಆದರೆ ಕೋಶಕಾರರು ಎಲ್ಲರ ಅಜ್ಜಿಯರ ಬಳಿಗೂ ಹೋಗಲಾರರು. ಆ ಬಳಿಗೆ ಹೋಗಬಲ್ಲವರು ನಾವು. ನಾವು ಅಲ್ಲಿಯೇ ಇದ್ದೇವೆ.

‘ಪದವಿ ಮುಗಿಸಿ ನೌಕರಿ ಹುಡುಕಬೇಕಾದವರಿಗೆ ಇದೆಲ್ಲ ಏಕೆ? ಹಳೆಯ ಮಾತು ಹೊಟ್ಟೆ ತುಂಬಿಸುವುದೆ?’ ಎಂದು ಕೆಲವರು ಕೇಳಿಯಾರು. ಪ್ರಶ್ನೆ ನ್ಯಾಯವಾದುದು. ಹಳೆಯ ಮಾತು ಹೊಟ್ಟೆ ತುಂಬಿಸದು. ಆದರೆ ನಾಚಿಕೆಯೂ ಹೊಟ್ಟೆ ತುಂಬಿಸುವುದಿಲ್ಲವಷ್ಟೆ? ಪರೀಕ್ಷೆಗೆ, ಸಂದರ್ಶನಕ್ಕೆ ಗ್ರಂಥಭಾಷೆಯನ್ನು ಕಲಿಯೋಣ, ಅದು ಬೇಕು. ಅದನ್ನು ಕಲಿತುದಕ್ಕೆ ಮನೆಯ ಮಾತನ್ನು ಶುಲ್ಕವಾಗಿ ತೆರಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ.

ಕವಿರಾಜಮಾರ್ಗವು ನೃಪತುಂಗನ ಆಸ್ಥಾನದಲ್ಲಿ, ಎಂದರೆ ಇಲ್ಲಿಯೇ ಕಾಗಿಣೆಯ ದಂಡೆಯ ಅರಸರ ಆಶ್ರಯದಲ್ಲಿ, ೯ನೆಯ ಶತಮಾನದಲ್ಲಿ ಹುಟ್ಟಿತು. ಕನ್ನಡದಲ್ಲಿ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವನ್ನೆಲ್ಲ ಅರಿಯಲಾರದೆ ವಾಸುಕಿಯೂ ಬೇಸರಪಟ್ಟಾನೆಂದು ಆ ಗ್ರಂಥದಲ್ಲಿ ಒಂದು ಮಾತು ಬರುತ್ತದೆ. ಸಾವಿರ ನಾಲಗೆಯ ಹಾವಿಗೂ ಮುಗಿಯದಷ್ಟು ಬಗೆಯ ಕನ್ನಡ ಅಂದು ಇತ್ತು. ಅದರಲ್ಲಿ ಒಂದು ಬಗೆ ನಮ್ಮದು. ವಾಸುಕಿಗೆ ಬೇಸರ ಬಂದರೆ ಬರಲಿ, ನಮಗೆ ಬರಬಾರದು.

ಆದುದರಿಂದ ನನ್ನ ಸಲಹೆ ಇಷ್ಟು. ಈ ರಜೆಯಲ್ಲಿ ನಾವು ಪ್ರತಿಯೊಬ್ಬರೂ ಮನೆಯ ಹಿರಿಯರಿಂದ ಹತ್ತು ಮಾತುಗಳನ್ನು ಬರೆದುಕೊಂಡು ಬರೋಣ. ಎರಿ, ಮಸಾರಿ, ಸವಳು ಎಂಬ ನೆಲದ ಮಾತುಗಳಿರಲಿ. ರಂಟೆ, ಕುಂಟೆ, ಕೂರಿಗೆಗಳ ಬಿಡಿಭಾಗಗಳಿರಲಿ. ಶಹಾಬಾದದ ಫರಸಿ ಕಲ್ಲಿನ ಕೆಲಸದವರು ಆಡುವ ಮಾತುಗಳಿರಲಿ. ಚಿಂಚೋಳಿಯ ಅಡವಿಯ ಗಿಡಮರಗಳ ಹೆಸರುಗಳಿರಲಿ. ಒಂದೇ ನಿಯಮ: ಬರಿಯ ಮಾತನ್ನು ಬರೆಯಕೂಡದು, ಅದನ್ನು ಆಡಿದವರು ಹೇಗೆ ಆಡಿದರೋ ಆ ಇಡೀ ವಾಕ್ಯವನ್ನು, ಆಡಿದ ಊರನ್ನು, ಸಂದರ್ಭವನ್ನು ಬರೆಯಬೇಕು. ತಿದ್ದಕೂಡದು. ಮೂಲವೇನೆಂದು ಅವಸರಪಟ್ಟು ಊಹಿಸಕೂಡದು. ಗುರುಗಳು ಅವನ್ನು ನೋಡಿ, ಕೋಶಗಳೊಡನೆ ಹೋಲಿಸಿ, ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟಗಳಾದರೂ ಪ್ರಕಟವಾಗುವಂತೆ ಮಾಡಲಿ. ನಾಳೆ ಯಾವನೋ ಹ್ರೋಜ್ನಿ ಬಂದಾನು. ಅವನಿಗೆ ನಾವು ರೊಟ್ಟಿಯನ್ನೂ ನೀರನ್ನೂ ಒಟ್ಟಿಗೆ ಇಟ್ಟಿರೋಣ.

ಕ್ರಿ. ಶ. ೯೭೨ರಲ್ಲಿ ಮಾಳವದ ಅರಸನು ಮಳಖೇಡವನ್ನು ಸೂರೆಮಾಡಿದನು. ಅದೇ ವರುಷ ಧಾರಾನಗರದಲ್ಲಿ ಧನಪಾಲನೆಂಬ ಕವಿ ಒಂದು ಪ್ರಾಕೃತ ಕೋಶವನ್ನು ಬರೆದು ಮುಗಿಸಿ, ಮಣ್ಣಖೇಡ ಸೂರೆಯಾದ ಕಾಲದಲ್ಲಿ ತನ್ನ ತಂಗಿ ಸುಂದರಿಗಾಗಿ ಇದನ್ನು ರಚಿಸಿದೆನೆಂದು ಹೇಳಿಕೊಂಡನು. ಸೂರೆಹೋದ ಹೊನ್ನು ಯಾರ ಮನೆ ಸೇರಿತೋ ಇಂದು ಯಾರಿಗೂ ತಿಳಿಯದು. ತಂಗಿಗೆಂದು ಬರೆದಿಟ್ಟ ಮಾತುಗಳು ಮಾತ್ರ ಇಂದಿಗೂ ಇವೆ.